ನಾಟಕರತ್ನ ಗುಬ್ಬಿ ವೀರಣ್ಣನವರು

ಪ್ರತಿವರ್ಷವೂ ಶಾಲೆಯ ವಾರ್ಷಿಕೋತ್ಸವವು ಸಮೀಪಿಸಿದಂತೆ ನಾಟಕದ ಪಾತ್ರಗಳನ್ನು ಹಂಚುವ ದಿನವೂ ಬರುತ್ತದೆ. ಆ ದಿನ ಒಬ್ಬ ಹುಡುಗಿಗೆ ರಾಣಿಯ ಪಾತ್ರವು ದೊರೆಯುತ್ತದೆ. ಉಳಿದ ಹತ್ತು ಹನ್ನೆರಡು ಮಂದಿಗೆ ಸಖಿ, ದಾಸಿ, ದೂತ, ದ್ವಾರಪಾಲಕ ಮೊದಲಾದ ಪಾತ್ರಗಳು. ಮೂಡಿಗೆರೆಯ ಕಡೆಯ ಕಾಫಿ ತೋಟದಿಂದಲೋ ಕಳಸದ ಸೀಮೆಯಿಂದಲೋ ಬಂದು ವಿದ್ಯಾರ್ಥಿನಿನಿಲಯದಲ್ಲಿರುವ ಹುಡುಗಿಯು ತನಗೆ ದ್ವಾರಪಾಲಕನ ಪಾತ್ರವು ಬಂದಿತೆಂದು ಮನೆಯವರಿಗೆ ತಿಳಿಸಲು ನಾಚುತ್ತಾಳೆ. ಎರಡು ಮಾತುಗಳಿಗಾಗಿ ಒಂದು ತಿಂಗಳ ಸಂಜೆಗಳನ್ನೆಲ್ಲ ತಾಲೀಮಿನಲ್ಲಿ ಕಳೆಯುವುದೇತಕ್ಕೆಂದು ತಂದೆತಾಯಿಗಳಲ್ಲಿಯೂ ಕೆಲವರಿಗೆ ಅನ್ನಿಸುವುದುಂಟು. ಈ ನಾಚಿಕೆಯನ್ನೂ ಈ ಸಂದೇಹವನ್ನೂ ಬಲ್ಲ ನಾವು, ಇವೆರಡಕ್ಕೂ ತಮ್ಮ ಬಾಳಿನಿಂದಲೇ ಉತ್ತರವಿತ್ತ ಮಹನೀಯರೊಬ್ಬರ ಚರಿತ್ರೆಯನ್ನು ಈ ಸಂಚಿಕೆಯ ವಾಚಕರ ಮುಂದಿಡಲು ಬಯಸುತ್ತೇವೆ. ಗುಬ್ಬಿ ವೀರಣ್ಣನವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆದರೆ ಅವರು ಎಂತಹ ಪಾತ್ರಗಳಿಂದ ಆ ಹೆಸರನ್ನು ಗಳಿಸಿದರೆಂಬುದನ್ನು ನಮ್ಮ ಹೆಣ್ಣುಮಕ್ಕಳು ವಿಶೇಷವಾಗಿ ಅರಿತಿರಬೇಕು.

ವೀರಣ್ಣನವರು 1891ನೆಯ ಇಸವಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಜನಿಸಿದರು. ಇವರ ತಂದೆಯವರು ಹಂಪಣ್ಣನವರು. ಇವರು ಹುಟ್ಟುವುದಕ್ಕೆ ಏಳು ವರ್ಷಗಳ ಮುಂಚೆ, 1884ರಲ್ಲಿ, ಚಂದಣ್ಣನವರೇ ಮೊದಲಾದ ಊರಿನ ಕಲಾಪ್ರಿಯರು ಸೇರಿ ಗುಬ್ಬಿಯಲ್ಲಿ ಒಂದು ನಾಟಕದ ಸಂಘವನ್ನು ಕಟ್ಟಿದ್ದರು. ಊರಿನ ಆರಾಧ್ಯದೈವವಾದ ಚನ್ನಬಸವೇಶ್ವರಸ್ವಾಮಿಯ ಹೆಸರನ್ನು ಅದಕ್ಕೆ ಇಟ್ಟಿದ್ದರು. ಬಾಲಕ ವೀರಣ್ಣನು ಆರು ವರ್ಷದವನಾಗಿದ್ದಾಗಲೇ ಈ ಕಂಪನಿಯನ್ನು ಸೇರಿದನು. ಓರಗೆಯ ಮಕ್ಕಳು ಮರಳಿನ ಮೇಲೆ ಅಕ್ಷರಗಳನ್ನು ತಿದ್ದುತ್ತಿದ್ದ ವಯಸ್ಸಿನಲ್ಲಿ ಅವನು ನಾಟಕದ ಹಾಡುಗಳನ್ನೂ ಮಾತುಗಳನ್ನೂ ಬಾಯಿಪಾಠ ಮಾಡತೊಡಗಿದನು.

ಆ ಕಾಲದಲ್ಲಿ ನಾಟಕವನ್ನು ಕಲಿಸುವ ಪಾಠಶಾಲೆಯೆಂಬುದು ನಮ್ಮ ನಾಡಿನಲ್ಲಿರಲಿಲ್ಲ. ಕಂಪನಿಯೇ ಶಾಲೆ, ಮೊಕ್ಕಾಂ ಹೂಡಿದ ಊರೇ ತರಗತಿ. ನಾಟಕದ ಮೇಷ್ಟ್ರು ಹಾರ್ಮೋನಿಯಮ್ಮಿನ ಮುಂದೆ ಕುಳಿತು ಹಾಡನ್ನು ಶ್ರುತಿಗೆ ಕೂಡಿಸುವರು. ಹುಡುಗರು ಸುತ್ತಲೂ ನಿಂತು ಹೇಳಿಕೊಳ್ಳುವರು. ಹಾಡು ಗಂಟಲಿಗೆ ಒಗ್ಗಿದ ಮೇಲೆ ಮಾತು, ಮಾತು ಒಗ್ಗಿದ ಮೇಲೆ ನಡೆ, ನಿಲುವು, ನೋಟ. ಅರಸನು ಮಾತನಾಡುತ್ತಿರುವಾಗ ಅವನ ಹಿಂದೆ ಚಾಮರ ಹಿಡಿದು ನಿಂತವನು ಏನು ಮಾಡಬೇಕು, ಏನು ಮಾಡಬಾರದು ಎಂಬುದೂ ಪಾಠವೇ. ಅವನು ಸಭೆಯ ಕಡೆಗೆ ಒಮ್ಮೆ ಕಣ್ಣು ಹೊರಳಿಸಿದರೆ ಸಾಕು, ಜನರ ದೃಷ್ಟಿಯು ಅರಸನನ್ನು ಬಿಟ್ಟು ಅವನ ಮೇಲೆ ಬೀಳುವುದು, ಸನ್ನಿವೇಶವು ಕೆಡುವುದು. ಸುಮ್ಮನೆ ನಿಲ್ಲುವುದು ನಟನಿಗೆ ಎಷ್ಟು ಕಷ್ಟವಾದ ವಿದ್ಯೆಯೆಂಬುದನ್ನು ನಿಂತವರೇ ಬಲ್ಲರು. ವೀರಣ್ಣನವರು ಚಿಕ್ಕ ಹುಡುಗರ ಪಾತ್ರಗಳನ್ನು ವಹಿಸಿದರು. ಹೆಂಗಸರು ರಂಗದ ಮೇಲೆ ಬಾರದಿದ್ದ ಆ ದಿನಗಳಲ್ಲಿ ಸ್ತ್ರೀಪಾತ್ರಗಳನ್ನೂ ಧರಿಸಿದರು. ಹೀಗೆ ದೊಡ್ಡ ನಟರ ಪಕ್ಕದಲ್ಲಿ ನಿಂತು ಬೆಳೆದು, ಕಡೆಗೆ ಅವರು ಹಾಸ್ಯಪಾತ್ರಗಳನ್ನು ತಮ್ಮ ಪಾಲಿನದನ್ನಾಗಿ ಮಾಡಿಕೊಂಡರು.

ಇಲ್ಲಿ ಕಂಪನಿ ನಾಟಕದ ಒಂದು ಒಳಗುಟ್ಟನ್ನು ವಾಚಕರಿಗೆ ವಿವರಿಸಬೇಕಾಗುತ್ತದೆ. ಅರಮನೆ, ಕಾಡು, ದರ್ಬಾರು ಮೊದಲಾದ ದೃಶ್ಯಗಳು ಬಣ್ಣದ ಪರದೆಗಳಿಂದಲೂ ಕಟ್ಟುಗಳಿಂದಲೂ ಏರ್ಪಡುತ್ತಿದ್ದುವು. ಒಂದು ದರ್ಬಾರನ್ನು ತೆಗೆದು ಮತ್ತೊಂದು ಅರಣ್ಯವನ್ನು ನಿಲ್ಲಿಸಲು ಆಳುಗಳಿಗೆ ಸಮಯ ಬೇಕು. ಆ ಹೊತ್ತಿನಲ್ಲಿ ರಂಗದ ಮುಂಭಾಗದಲ್ಲಿ ಬೀದಿಯ ಪರದೆಯೊಂದನ್ನು ಇಳಿಯಬಿಟ್ಟು, ಅದರ ಮುಂದೆ ಸೇವಕನೋ ದಾಸಿಯೋ ಕಳ್ಳನೋ ಬಂದು ಆಡುವ ಸಣ್ಣ ಪ್ರಸಂಗವನ್ನು ಇಡುತ್ತಿದ್ದರು. ಹಿಂದೆ ಸುತ್ತಿಗೆಯ ಸದ್ದು, ಹಗ್ಗಗಳ ಎಳೆದಾಟ. ಮುಂದೆ ಸಾವಿರ ಕಣ್ಣುಗಳು. ಆ ಸದ್ದು ಯಾರ ಕಿವಿಗೂ ಬೀಳದಂತೆ ಸಭೆಯನ್ನು ಹಿಡಿದು ನಿಲ್ಲಿಸುವ ಭಾರವೆಲ್ಲ ಆ ಉಪಪಾತ್ರದ ಮೇಲೆಯೇ ಇತ್ತು. ಅವನು ಸೋತರೆ ಮುಂದೆ ಬರುವ ಅರಸನಿಗೆ ಬೇಸರಗೊಂಡ ಸಭೆಯು ದೊರೆಯುವುದು. ಅವನು ಗೆದ್ದರೆ ಅರಸನ ಅರ್ಧ ಕೆಲಸವು ಆಗಲೇ ಮುಗಿದಂತೆ. ಹಾಸ್ಯಗಾರನೆಂದರೆ ನಾಟಕದ ಉಪ್ಪಿನಕಾಯಿಯೆಂದು ಬಗೆಯುವವರು ಈ ಭಾರವನ್ನು ಕಂಡವರಲ್ಲ. ವೀರಣ್ಣನವರು ಕಲಿತದ್ದು ಇದನ್ನೇ. ಹಿಂದಿನ ಪರದೆಯು ಸಿದ್ಧವಾಗಲು ತಡವಾದರೆ ಪ್ರಸಂಗವನ್ನು ಬೆಳೆಸಬೇಕು, ಬೇಗನೆ ಸಿದ್ಧವಾದರೆ ಮೊಟಕುಮಾಡಬೇಕು. ಎರಡೂ ಜನರಿಗೆ ತಿಳಿಯಕೂಡದು. ಇದಕ್ಕೆ ಬೇಕಾದ ಅಭ್ಯಾಸವು ನಾಯಕನ ಅಭ್ಯಾಸಕ್ಕಿಂತ ಎಳ್ಳಷ್ಟೂ ಕಡಿಮೆಯದಲ್ಲ.

1917ರಲ್ಲಿ ಕಂಪನಿಯ ಒಡೆತನವು ವೀರಣ್ಣನವರಿಗೆ ಬಂದಿತು. ಬಾಲಪಾತ್ರಗಳಿಂದ ಆರಂಭಿಸಿದ ಹುಡುಗನು ಇಪ್ಪತ್ತು ವರ್ಷಗಳಲ್ಲಿ ಯಜಮಾನನಾದನು. ಯಜಮಾನನಾದವನು ತನಗೆ ಬೇಕಾದ ಪಾತ್ರವನ್ನು ತೆಗೆದುಕೊಂಡರೆ ಕೇಳುವವರಾರು? ಆದರೂ ವೀರಣ್ಣನವರು ಕಿರೀಟದ ಆಸೆಯಿಂದ ಹಾಸ್ಯವನ್ನು ಬಿಡಲಿಲ್ಲ. ಅವರ ಕೀರ್ತಿಯನ್ನು ಮನೆಮನೆಗೆ ಮುಟ್ಟಿಸಿದುದು ಸದಾರಮೆ ನಾಟಕದ ಕಳ್ಳನ ಪಾತ್ರ. ಆ ನಾಟಕದ ಹೆಸರು ನಾಯಿಕೆಯದು, ಕಥೆಯೂ ಅವಳದೇ. ಕಳ್ಳನು ನಡುವೆ ಬಂದು ಹೋಗುವವನು. ಆದರೂ ಜನರು ಕಳ್ಳನಿಗಾಗಿ ಕಾದಿರುತ್ತಿದ್ದರು. 1935ರಲ್ಲಿ ಈ ಕಥೆಯು ವಾಕ್ಚಿತ್ರವಾದಾಗಲೂ ಆ ಪಾತ್ರವನ್ನು ಅವರೇ ಅಭಿನಯಿಸಿದರು. ಯಜಮಾನನೇ ಕಳ್ಳನ ವೇಷವನ್ನು ಧರಿಸಿ ಬಣ್ಣದ ಮನೆಯಿಂದ ಹೊರಡುವುದನ್ನು ದಿನವೂ ನೋಡುವ ಕಂಪನಿಯಲ್ಲಿ, ದೂತನ ಪಾತ್ರವು ಬಂದಿತೆಂದು ಮುಖವನ್ನು ಸಣ್ಣದು ಮಾಡಿಕೊಳ್ಳಲು ಯಾವ ನಟನಿಗೆ ಮನಸ್ಸಾದೀತು?

ನಮ್ಮ ಹೆಣ್ಣುಮಕ್ಕಳಿಗೆ ಸಂಬಂಧಿಸಿದ ಸಂಗತಿಯು ಇನ್ನು ಮುಂದಿನದು. ಸ್ತ್ರೀಪಾತ್ರಗಳನ್ನು ಗಂಡಸರೇ ಆಡುತ್ತಿದ್ದ ಕಾಲದಲ್ಲಿ, ಮನೆತನಸ್ಥ ಹೆಂಗಸು ರಂಗವನ್ನು ಹತ್ತಿದರೆ ಊರು ಆಡಿಕೊಳ್ಳುತ್ತಿತ್ತು. ಸ್ವತಃ ಸೀರೆಯುಟ್ಟು ರಂಗದ ಮೇಲೆ ನಿಂತಿದ್ದ ವೀರಣ್ಣನವರು ತಮ್ಮ ಕಂಪನಿಯಲ್ಲಿ ಸ್ತ್ರೀಯರಿಗೆ ಗೌರವದ ಸ್ಥಾನವನ್ನು ಕೊಟ್ಟರು. ಅವರ ಪತ್ನಿಯರಾದ ಸುಂದರಮ್ಮನವರೂ ಜಯಮ್ಮನವರೂ ಆ ರಂಗದ ಪ್ರಸಿದ್ಧ ನಟಿಯರು. ಇವರಲ್ಲಿ ಜಯಮ್ಮನವರು ನಮ್ಮ ಚಿಕ್ಕಮಗಳೂರಿನಲ್ಲಿ ಜನಿಸಿದವರೆಂಬುದು ಈ ಬೆಟ್ಟಗಳ ನಾಡಿನವರಾದ ನಮಗೆ ಹೆಮ್ಮೆಯ ವಿಷಯವಾಗಿದೆ. ಅವರು ಹಾಡಿನಲ್ಲಿಯೂ ಅಭಿನಯದಲ್ಲಿಯೂ ಹೆಸರಾದರು. 1942ರ ಜೀವನನಾಟಕ, 1946ರ ಹೇಮರೆಡ್ಡಿ ಮಲ್ಲಮ್ಮ ಮೊದಲಾದ ಚಲನಚಿತ್ರಗಳಲ್ಲಿಯೂ, ತೆಲುಗಿನ ಚಿತ್ರಗಳಲ್ಲಿಯೂ ನಟಿಸಿದರು. ಇಂದು ನಮ್ಮ ಶಾಲೆಯ ಹುಡುಗಿಯು ತಂದೆತಾಯಿಗಳ ಎದುರಿಗೆ ನಿರ್ಭಯವಾಗಿ ವೇಷ ಧರಿಸಿ ನಿಲ್ಲುತ್ತಾಳೆಂದರೆ, ಆಕೆಗೆ ಮುಂಚೆ ಊರಿನ ಮಾತನ್ನು ಸಹಿಸಿಕೊಂಡು ನಿಂತ ಇಂತಹ ಸ್ತ್ರೀಯರು ಇದ್ದರೆಂಬುದನ್ನು ಮರೆಯಲಾಗದು.

ಕಂಪನಿಯ ವೈಭವವು 1934ರ ಸುಮಾರಿಗೆ ತುತ್ತತುದಿಯನ್ನು ಮುಟ್ಟಿತು. ಬಿ. ಪುಟ್ಟಸ್ವಾಮಯ್ಯನವರು ರಚಿಸಿದ ಕುರುಕ್ಷೇತ್ರ ನಾಟಕವನ್ನು ಬೆಂಗಳೂರಿನಲ್ಲಿ ಆಡಿದಾಗ ನಿಜವಾದ ಆನೆಕುದುರೆಗಳೇ ರಂಗದ ಮೇಲೆ ಬಂದುವು. ನೋಡಿದವರು ಆನೆಯನ್ನು ನೆನೆದರು. ಕೃಷ್ಣನನ್ನೂ ದುರ್ಯೋಧನನನ್ನೂ ನೆನೆದರು. ಆದರೆ ಸೇನೆಯಿಲ್ಲದೆ ಕುರುಕ್ಷೇತ್ರವೆಲ್ಲಿ? ಹೆಸರಿಲ್ಲದ ಭಟರು ತಮ್ಮ ತಮ್ಮ ಜಾಗದಲ್ಲಿ, ತಮ್ಮ ತಮ್ಮ ಗಳಿಗೆಯಲ್ಲಿ, ಹೆಜ್ಜೆ ತಪ್ಪದೆ ನಡೆದುದರಿಂದಲೇ ಆ ಮಹಾಯುದ್ಧವು ನಂಬುವಂತಾಯಿತು. ಆನೆಯ ಪಕ್ಕದಲ್ಲಿ ನಿಂತು ಆಡುವ ಭಟನಿಗೆ ಮಾತಿಲ್ಲದಿದ್ದರೂ ಎಚ್ಚರ ಬೇಕು. ಒಬ್ಬನು ಹೆದರಿ ಹಿಂಜರಿದರೆ ನಾಟಕವೂ ಕೆಡುವುದು, ಅಪಾಯವೂ ಉಂಟಾಗುವುದು. ಕನ್ನಡ ಸೀಮೆಯನ್ನು ದಾಟಿ ತೆಲುಗರ ನಾಡಿನಲ್ಲಿಯೂ ಈ ಕಂಪನಿಯು ತೆಲುಗಿನಲ್ಲಿಯೇ ನಾಟಕಗಳನ್ನಾಡಿ ಜಯಶಾಲಿಯಾದುದಕ್ಕೆ ಇಂತಹ ಶಿಸ್ತೇ ಆಧಾರವಾಗಿದ್ದಿತು.

ಚಿಕ್ಕ ಪಾತ್ರವನ್ನು ಅಲ್ಪವೆಂದೆಣಿಸದ ಈ ಮನೆಯಿಂದ ಎಂತಹವರು ಹೊರಬಂದರೆಂಬುದನ್ನು ನೋಡೋಣ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಈ ಕಂಪನಿಯ ನಟರು. ಅವರ ಮಗನಾದ ಮುತ್ತುರಾಜನೆಂಬ ಹುಡುಗನು ತಂದೆಯ ಜೊತೆಯಲ್ಲಿ ಬಂದು ಸಣ್ಣಪುಟ್ಟ ಪಾತ್ರಗಳನ್ನು ಮಾಡುತ್ತ ಬೆಳೆದನು. 1954ರಲ್ಲಿ ವೀರಣ್ಣನವರ ಸಂಸ್ಥೆಯು ಸಹಭಾಗಿಯಾಗಿ ತಯಾರಿಸಿದ, ಎಚ್. ಎಲ್. ಎನ್. ಸಿಂಹರವರು ನಿರ್ದೇಶಿಸಿದ ಬೇಡರ ಕಣ್ಣಪ್ಪ ಚಿತ್ರದಲ್ಲಿ ನಾಯಕನಾದವನು ಅವನೇ. ನಾಡು ಅವರನ್ನು ರಾಜಕುಮಾರರೆಂದು ಕರೆಯಿತು. ಮತ್ತೊಬ್ಬ ಬಾಲಕನು ದಕ್ಷಿಣ ಕನ್ನಡದ ಮಂಚಿಯಿಂದ ಮನೆಬಿಟ್ಟು ಬಂದು ಕಂಪನಿಯನ್ನು ಸೇರಿದನು. ಅವನಲ್ಲಿದ್ದ ಕಲಿಯುವ ಹಂಬಲವನ್ನು ಕಂಡ ವೀರಣ್ಣನವರು ಅವನನ್ನು ಓದಲು ಕಾಶಿಗೆ ಕಳುಹಿಸಿದರು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ವಿದ್ಯಾರ್ಥಿಯಾಗಿ, 1977ರಲ್ಲಿ ಅದೇ ಶಾಲೆಗೆ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದ ಬಿ. ವಿ. ಕಾರಂತರು ಆ ಬಾಲಕನೇ. ಶಾಲೆಯ ಮೆಟ್ಟಿಲನ್ನು ಹೆಚ್ಚಾಗಿ ತುಳಿಯದ ಯಜಮಾನರು ತಮ್ಮ ಕಂಪನಿಯ ಹುಡುಗನೊಬ್ಬನನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರೆಂಬುದನ್ನು ಮಕ್ಕಳ ವಿದ್ಯೆಗಾಗಿ ಶ್ರಮಿಸುವ ನಮ್ಮ ಪೋಷಕರು ಮೆಚ್ಚದಿರಲಾರರು.

ವೀರಣ್ಣನವರಿಗೆ ನಾಟಕರತ್ನವೆಂಬ ಬಿರುದು ಶಾಶ್ವತವಾಗಿ ಅಂಟಿತು. 1955ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯು ಪ್ರಶಸ್ತಿಯನ್ನಿತ್ತು ಗೌರವಿಸಿತು. ತಮ್ಮ ಜೀವನವೃತ್ತಾಂತವನ್ನು ಬರೆದಾಗ ಅದಕ್ಕೆ ಕಲೆಯೇ ಕಾಯಕವೆಂಬ ಹೆಸರನ್ನು ಅವರು ಕೊಟ್ಟರು. ಕಾಯಕದಲ್ಲಿ ಮೇಲು ಕೀಳುಗಳಿಲ್ಲವೆಂಬ ಶರಣರ ಮಾರ್ಗದಲ್ಲಿ ಬೆಳೆದವರಿಗೆ, ಅರಸನ ವೇಷವೂ ಕಳ್ಳನ ವೇಷವೂ ಸಮವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. 1972ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಅವರು ಇಹಲೋಕವನ್ನು ಬಿಟ್ಟರು. ಕರ್ನಾಟಕ ಸರ್ಕಾರವು ರಂಗಭೂಮಿಯ ಸೇವೆಗಾಗಿ ಕೊಡುವ ಪ್ರಶಸ್ತಿಯೊಂದು ಅವರ ಹೆಸರಿನಲ್ಲಿದೆ. ಅವರ ಮೊಮ್ಮಗಳಾದ ಬಿ. ಜಯಶ್ರೀಯವರು ಸದಾರಮೆಯನ್ನು ಹೊಸದಾಗಿ ರಂಗಕ್ಕೆ ತಂದಾಗ, ಅಜ್ಜನವರ ಕಳ್ಳನ ಪಾತ್ರವನ್ನು ತಾವೇ ವಹಿಸಿದರು. ಗಂಡುಹುಡುಗನು ಸೀರೆಯುಟ್ಟು ಹೆಣ್ಣಿನ ಪಾತ್ರವನ್ನಾಡಿದ ಮನೆತನದಲ್ಲಿ, ಎರಡು ತಲೆಮಾರುಗಳ ಮೇಲೆ ಹೆಣ್ಣುಮಗಳು ಕಳ್ಳನ ವೇಷವನ್ನು ಧರಿಸಿ ಸಭೆಯನ್ನು ನಗಿಸಿದಳು. ಇದಕ್ಕಿಂತ ಚೆಲುವಾದ ಸ್ಮಾರಕವು ನಟನಿಗೆ ಬೇರೆ ಯಾವುದಿದ್ದೀತು!

ಪೋಷಕರೇ, ನಮ್ಮ ಸೀಮೆಯಲ್ಲಿ ಕಾಫಿಯ ಹಣ್ಣು ಕೆಂಪಾಗುವ ಕಾಲಕ್ಕೂ ಶಾಲೆಯ ನಾಟಕದ ತಾಲೀಮಿನ ಕಾಲಕ್ಕೂ ಬಹಳ ಅಂತರವಿರುವುದಿಲ್ಲ. ಕೊಯ್ಲಿನ ದಿನಗಳಲ್ಲಿ ಒಂದು ಬುಟ್ಟಿಯನ್ನು ತುಂಬಲು ಎಷ್ಟು ಕೈಗಳು ಬೇಕೆಂಬುದನ್ನು ನೀವು ಬಲ್ಲಿರಿ. ಕಣದಲ್ಲಿ ಒಣಗುವ ಬೀಜವು ಯಾವ ಕೈಯಿಂದ ಬಂದಿತೆಂದು ಯಾರೂ ಕೇಳುವುದಿಲ್ಲ, ಆದರೆ ಒಂದು ಕೈ ಹಸಿರು ಕಾಯನ್ನು ಕಿತ್ತು ಹಾಕಿದರೆ ಇಡೀ ರಾಶಿಯ ಬೆಲೆಯು ಕುಗ್ಗುತ್ತದೆ. ನಾಟಕವೂ ಹಾಗೆಯೇ. ನಿಮ್ಮ ಮಗಳು ದ್ವಾರಪಾಲಕನ ಎರಡು ಮಾತುಗಳಿಗಾಗಿ ಒಂದು ತಿಂಗಳು ನಿಲ್ಲುವಾಗ, ತನ್ನ ಸರದಿಗಾಗಿ ಕಾಯುವುದನ್ನು, ಇನ್ನೊಬ್ಬಳ ಮಾತಿಗೆ ಕಿವಿಗೊಡುವುದನ್ನು, ತಾನು ಎದ್ದು ಕಾಣದಿರುವಾಗಲೂ ಕೆಲಸವನ್ನು ಕೆಡಿಸದಿರುವುದನ್ನು ಕಲಿಯುತ್ತಾಳೆ. ರಾಣಿಯ ಗಂಟಲು ಕಟ್ಟಿದ ದಿನ, ಪಕ್ಕದಲ್ಲಿ ನಿಂತು ಕೇಳಿ ಕೇಳಿ ಆ ಪಾತ್ರವನ್ನೆಲ್ಲ ಬಾಯಿಪಾಠ ಮಾಡಿಕೊಂಡ ಸಖಿಯೇ ನಾಟಕವನ್ನು ಉಳಿಸುವವಳು. ಶಾಲೆಯನ್ನು ಬಿಟ್ಟು ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಸಂಸಾರದಲ್ಲಿಯೂ ಉದ್ಯೋಗದಲ್ಲಿಯೂ ಮುಂದಿನ ಪರದೆಯ ಹೊರೆಯನ್ನು ಹೊತ್ತು ನಿಂತವರೇ ಹೆಚ್ಚು; ಅವರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ಇನ್ನು ಮೇಲೆ ಮಗಳು ತನಗೆ ಚಿಕ್ಕ ಪಾತ್ರವು ಬಂದಿತೆಂದು ತಲೆತಗ್ಗಿಸಿದರೆ, ಗುಬ್ಬಿಯ ಕಳ್ಳನ ಕಥೆಯನ್ನು ಅವಳಿಗೆ ಹೇಳಿರಿ. ನಾಟಕದ ಸಂಜೆ ತಪ್ಪದೆ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿರಿ.