ಇಂದ್ರಜಾಲಕ್ಕೆ ಮಾನ ತಂದ ಸರ್ಕಾರರು

ನಮ್ಮ ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಸಂತೆ-ಜಾತ್ರೆಗಳಲ್ಲಿ ಗಾರುಡಿಗನ ಆಟಕ್ಕೆ ಬೆರಗಾಗದ ಹಿರಿಯರು ವಿರಳ. ಆದರೆ ಆಟ ಮುಗಿದೊಡನೆ ಕೆಲವರು ಕಾಸೆಸೆದರು, ಹಲವರು ಕಣ್ಕಟ್ಟೆಂದು ಜರಿದು ಮನೆಗೆ ನಡೆದರು. ಬೆರಗು ದೊರೆತ ಈ ವಿದ್ಯೆಗೆ ಮಾನ ದೊರೆಯಲಿಲ್ಲ. ಅದನ್ನು ಗಳಿಸಿಕೊಟ್ಟವರಲ್ಲಿ ಪಿ. ಸಿ. ಸರ್ಕಾರರೆಂದು ಹೆಸರಾದ ಪ್ರತುಲಚಂದ್ರರು ಅಗ್ರಗಣ್ಯರು.

ಪೂರ್ವಬಂಗಾಳದ ಟಾಂಗೈಲ್ ಸೀಮೆಯ ಹಳ್ಳಿಯೊಂದರಲ್ಲಿ 1913ರ ಫೆಬ್ರವರಿ 23ರಂದು ಅವರು ಜನಿಸಿದರು. ಗಣಪತಿ ಚಕ್ರವರ್ತಿಗಳೆಂಬ ಐಂದ್ರಜಾಲಿಕರು ಅವರ ಗುರುಗಳು. ಗಣಿತವನ್ನು ಓದಿ ಪದವೀಧರರಾದರೂ ಜಾದೂವನ್ನೇ ಜೀವನವೃತ್ತಿಯನ್ನಾಗಿ ವರಿಸಿದರು. ಪಾಶ್ಚಾತ್ಯರ ಕರಿಯ ಕೋಟನ್ನು ಬಯಸದೆ ಪೇಟ, ಶೇರ್ವಾನಿಗಳ ರಾಜವೇಷ ತೊಟ್ಟರು. ಪ್ರದರ್ಶನಕ್ಕೆ ಇಂದ್ರಜಾಲವೆಂಬ ನಮ್ಮ ನಾಡಿನ ಹಳೆಯ ಹೆಸರನ್ನೇ ಇಟ್ಟರು. ಬರಿದುಮಾಡಿದ ಪಾತ್ರೆಯಿಂದ ಮತ್ತೆ ಮತ್ತೆ ನೀರು ಸುರಿಸುವ ಆಟವನ್ನು ಭಾರತದ ಜಲವೆಂದು ಕರೆದರು.

1956ರ ಏಪ್ರಿಲ್ 9ರಂದು ಲಂಡನ್ನಿನ ಬಿ.ಬಿ.ಸಿ. ದೂರದರ್ಶನದಲ್ಲಿ ಅವರು ತರುಣಿಯೊಬ್ಬಳನ್ನು ಯಂತ್ರದ ಗರಗಸದಿಂದ ಸೀಳುವ ಆಟವಾಡಿದರು. ಆಕೆ ಎದ್ದು ನಿಲ್ಲುವ ಮೊದಲೇ ಕಾರ್ಯಕ್ರಮದ ವೇಳೆ ಮುಗಿಯಿತು. ಹುಡುಗಿ ಸತ್ತಳೆಂದೇ ಬಗೆದ ನೋಡುಗರು ಗಾಬರಿಯಿಂದ ಟೆಲಿಫೋನು ಮಾಡತೊಡಗಿದರು. ಆಕೆಯೋ ಕ್ಷೇಮವಾಗಿದ್ದಳು, ಸರ್ಕಾರರ ಕೀರ್ತಿ ಮಾತ್ರ ಮನೆಮನೆಗೆ ಮುಟ್ಟಿತು.

ಈ ವಿದ್ಯೆಯಲ್ಲಿ ಪ್ರಶಸ್ತಿಗೆ ವಿಶೇಷವಾದ ಬೆಲೆಯುಂಟು. ಪ್ರೇಕ್ಷಕನು ಮೆಚ್ಚಬಲ್ಲನೇ ಹೊರತು, ಗುಟ್ಟರಿಯದ ಕಾರಣ ಆಟದ ಹೊಸತನವನ್ನು ಅಳೆಯಲಾರನು. ಅದನ್ನು ಅಳೆಯಬಲ್ಲವರು ಅದೇ ವೃತ್ತಿಯವರು. ಅಮೆರಿಕದ ಜಾದೂಗಾರರ ಪತ್ರಿಕೆಯಾಗಿದ್ದ ಸ್ಫಿಂಕ್ಸ್‌ನ ಹೆಸರಿನ ಪ್ರಶಸ್ತಿಯು ಸರ್ಕಾರರಿಗೆ ಸಂದುದು ಈ ಕಾರಣದಿಂದ ದೊಡ್ಡ ಮಾತು. 1964ರಲ್ಲಿ ಭಾರತ ಸರ್ಕಾರವು ಪದ್ಮಶ್ರೀಯನ್ನಿತ್ತಿತು. ಸಂತೆಯ ಬಯಲಿನ ವಿದ್ಯೆ ರಾಷ್ಟ್ರದ ಮನ್ನಣೆಗೆ ಪಾತ್ರವಾಯಿತು.

1971ರ ಜನವರಿ 6ರಂದು, ಜಪಾನಿನಲ್ಲಿ ಪ್ರದರ್ಶನ ಪ್ರವಾಸದಲ್ಲಿದ್ದಾಗಲೇ, ಅವರು ಹೃದಯಾಘಾತದಿಂದ ತೀರಿಕೊಂಡರು. ಪುತ್ರ ಪ್ರದೀಪಚಂದ್ರರು ತಂದೆಯ ವಿದ್ಯೆಯನ್ನು ಮುಂದುವರಿಸಿದರು. 2010ರಲ್ಲಿ ಅಂಚೆ ಇಲಾಖೆಯು ಹಿರಿಯ ಸರ್ಕಾರರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

1947ರ ವಿಭಜನೆಯಿಂದ ಸರ್ಕಾರರ ಹುಟ್ಟೂರು ಗಡಿಯಾಚೆ ಉಳಿಯಿತು. ಅವರು ಲಂಡನ್ನಿನಲ್ಲಿ ಹೆಸರಾದ 1956ರಲ್ಲಿಯೇ, ನವೆಂಬರ್ 1ರಂದು, ನಮ್ಮ ಊರುಗಳೂ ಬೀದರ, ಕಲಬುರಗಿ ಜಿಲ್ಲೆಗಳಿಂದ ಅಗಲಿದವು. ಗಡಿಯ ಗೆರೆಯನ್ನು ಅಳಿಸುವ ಮಂತ್ರ ಅವರಲ್ಲಿರಲಿಲ್ಲ, ನಮ್ಮಲ್ಲಿಯೂ ಇಲ್ಲ. ಆದರೆ ತನ್ನದನ್ನು ತಾನೇ ಕೀಳೆಂದು ಬಗೆಯದೆ, ಅದನ್ನೇ ತೊಟ್ಟು ಲೋಕದೆದುರು ನಿಂತವನಿಗೆ ಮಾನ ತಪ್ಪದೆಂಬುದನ್ನು ಅವರ ಬಾಳು ತೋರಿತು. ಮನೆಯಲ್ಲಿ ಕನ್ನಡವಾಡಿ ಹೊರಗೆ ನಾಚುವ ನಮ್ಮ ಮಕ್ಕಳಿಗೆ ಈ ಕಥೆಯನ್ನು ನಾವು ಹೇಳೋಣ.