ಸರ್ ಎಂ. ವಿಶ್ವೇಶ್ವರಯ್ಯ ಮತ್ತು ಭದ್ರಾವತಿಯ ಕಬ್ಬಿಣ

ಭಾರತರತ್ನ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಸ್ಥಾಪಿಸುವ ಯೋಜನೆಯು ಅವರ ಆಡಳಿತಾವಧಿಯಲ್ಲಿಯೇ ರೂಪುಗೊಂಡಿತು.

ಕೆಮ್ಮಣ್ಣುಗುಂಡಿಯ ಅದಿರು ಕಬ್ಬಿಣದ ಆಕ್ಸೈಡ್ ಆಗಿದೆ. ಅದರಲ್ಲಿನ ಕಬ್ಬಿಣದ ಪರಮಾಣುಗಳು ತಮ್ಮ ಕೆಲವು ಎಲೆಕ್ಟ್ರಾನ್‌ಗಳನ್ನು ಆಮ್ಲಜನಕಕ್ಕೆ ಬಿಟ್ಟುಕೊಟ್ಟಿರುತ್ತವೆ. ಊದುಕುಲುಮೆಯಲ್ಲಿ ಇಂಗಾಲವು ಆಮ್ಲಜನಕವನ್ನು ಸೆಳೆದುಕೊಂಡಾಗ ಆ ಎಲೆಕ್ಟ್ರಾನ್‌ಗಳು ಕಬ್ಬಿಣಕ್ಕೆ ಮರಳಿ, ಲೋಹವು ದೊರೆಯುತ್ತದೆ. ಇದಕ್ಕೆ ಬೇಕಾದ ಕಲ್ಲಿದ್ದಲು ಸಂಸ್ಥಾನದಲ್ಲಿ ಇರಲಿಲ್ಲ. ಆದುದರಿಂದ ಮಲೆನಾಡಿನ ಮರವನ್ನು ಸುಟ್ಟು ಪಡೆದ ಇದ್ದಿಲನ್ನೇ ಬಳಸಲಾಯಿತು.

1923ರ ಜನವರಿಯಲ್ಲಿ ಉತ್ಪಾದನೆ ಆರಂಭವಾಯಿತು. ಆದರೆ ಆ ವೇಳೆಗೆ ಬೀಡುಕಬ್ಬಿಣದ ಬೆಲೆ ಕುಸಿದಿತ್ತು. ಕಾರ್ಖಾನೆಯು ನಷ್ಟ ಅನುಭವಿಸಿ, ತೀವ್ರ ಟೀಕೆಗೆ ಗುರಿಯಾಯಿತು. ಲೆಕ್ಕಪತ್ರವನ್ನಷ್ಟೇ ನೋಡಿದವರಿಗೆ ಅದನ್ನು ಮುಚ್ಚುವುದೇ ಸರಿಯೆಂದು ತೋರಿದ್ದರೆ ಆಶ್ಚರ್ಯವಿಲ್ಲ. ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರು ಅದೇ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು, 1929ರವರೆಗೆ ದುಡಿದರು. ವೆಚ್ಚವನ್ನು ತಗ್ಗಿಸಿದರು, ವಿದೇಶೀ ತಜ್ಞರ ಸ್ಥಾನಗಳಿಗೆ ನಮ್ಮವರನ್ನೇ ತರಬೇತುಗೊಳಿಸಿ ನೇಮಿಸಿದರು. ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಸ್ವೀಕರಿಸದೆ, ಅದು ಯುವಕರ ವೃತ್ತಿಶಿಕ್ಷಣಕ್ಕೆ ವಿನಿಯೋಗವಾಗುವಂತೆ ಮಾಡಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯು ಹೀಗೆ ಆರಂಭವಾಯಿತು.

ಅವರು 1962ರಲ್ಲಿ ನಿಧನರಾದರು. ಕಾರ್ಖಾನೆಗೆ ಅವರ ಹೆಸರನ್ನು ಇಟ್ಟದ್ದು 1976ರಲ್ಲಿ.