1836ರ ಲೆಕ್ಕ ಮತ್ತು ಮೊಗ್ಲಿಂಗ್

ನಮ್ಮ ಮಂಡ್ಯ ಸೀಮೇಲಿ ನೀಲಗಾರರ ತಂಬೂರಿ ಪದ ಕೇಳಿದವರಿಗೆ ಕಾಲಜ್ಞಾನ ಹೊಸದೇನಲ್ಲ. ಪಶ್ಚಿಮ ಏಷ್ಯಾದಲ್ಲಿ ಯುದ್ಧ ಅಂದ ತಕ್ಷಣ, ಬೈಬಲ್‌ನಲ್ಲಿ ಬರೆದಿದ್ದು ನಿಜವಾಯ್ತು ಅನ್ನೋ ವಿಡಿಯೋಗಳೂ ನಮ್ಮ ವಾಟ್ಸಾಪ್‌ಗೆ ಬರ್ತವೆ. ಕನ್ನಡದ ಮೊದಲ ಪತ್ರಿಕೆ ಕೊಟ್ಟ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದೂ ಇಂಥ ಲೆಕ್ಕಾಚಾರದ ನಾಡಲ್ಲೇ.

1811ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್‌ನಲ್ಲಿ ಅವರ ಜನನ. ಅಲ್ಲಿನ ಭಕ್ತರಲ್ಲಿ ಎಷ್ಟೋ ಜನ ನೆಪೋಲಿಯನ್‌ನಲ್ಲಿ ಕ್ರಿಸ್ತವಿರೋಧಿಯನ್ನ ಕಂಡಿದ್ದರು. ಕೊನೆಗಾಲ ಬಂತು ಅಂತ ಮನೆಮಠ ಮಾರಿ ರಷ್ಯಾ ಕಡೆ ಹೊರಟ ಕುಟುಂಬಗಳೂ ಇದ್ದವು. ಇದಕ್ಕೆಲ್ಲ ಹಿಂದಿದ್ದ ಒಂದು ದೊಡ್ಡ ಹೆಸರು ಬೆಂಗೆಲ್ ಅನ್ನೋ ವಿದ್ವಾಂಸರದು. ಪ್ರಕಟನೆ ಗ್ರಂಥದ 42 ತಿಂಗಳು ಅಂದರೆ 666 ವರ್ಷ, ಹಾಗಾಗಿ ಒಂದು ತಿಂಗಳಿಗೆ ಸುಮಾರು 15.86 ವರ್ಷ ಅಂತ ಹಿಡಿದು, 1836ರಲ್ಲಿ ದುಷ್ಟಶಕ್ತಿ ಸೋಲುತ್ತೆ ಅಂದಿದ್ದರು. ಆ ವರ್ಷ ಏನೂ ಆಗದಿದ್ದರೆ ತಮ್ಮ ಲೆಕ್ಕದಲ್ಲೇ ಎಲ್ಲೋ ದೊಡ್ಡ ತಪ್ಪಿದೆ, ಹುಡುಕಿ ಅಂತಲೂ ಬರೆದಿಟ್ಟಿದ್ದರು. ಈ ಮಾತಿಗೆ ನಾವು ಪೂರ್ತಿ ಮಾರ್ಕ್ಸ್ ಕೊಡ್ತೀವಿ. ಇವತ್ತಿನ ವಿಡಿಯೋದವರಲ್ಲಿ ಯಾರೂ ಹಾಗೆ ಹೇಳಿದ್ದು ನಾವು ಕಂಡಿಲ್ಲ.

1836 ಬಂತು, ಹೋಯ್ತು. ಲೋಕ ಹಾಗೇ ಇತ್ತು. ಅದೇ ವರ್ಷ ಮೊಗ್ಲಿಂಗ್ ಬಾಸೆಲ್ ಮಿಷನ್ ಪಾದ್ರಿಯಾಗಿ ಮಂಗಳೂರಿಗೆ ಬಂದು ಕನ್ನಡ ಕಲಿಯೋಕೆ ಕೂತರು.

1843ರ ಜುಲೈ 1ಕ್ಕೆ 'ಮಂಗಳೂರ ಸಮಾಚಾರ' ಹೊರಬಂತು. ನಾಲ್ಕು ಪುಟದ ಪಾಕ್ಷಿಕ, ಕಲ್ಲಚ್ಚಿನಲ್ಲಿ ಮುದ್ರಣ. ಊರ ಸುದ್ದಿ, ಸರ್ಕಾರದ ಆದೇಶ, ದೇಶಾಂತರದ ವರ್ತಮಾನ, ಕತೆ ಎಲ್ಲಾ ಒಂದೇ ಕಡೆ. ಮತಪ್ರಚಾರ ಅವರ ಕಸುಬು, ಅದನ್ನ ಮುಚ್ಚಿಡೋದೇನೂ ಬೇಡ. 1844ರಲ್ಲಿ ಆನಂದರಾವ್ ಕೌಂಡಿನ್ಯ ಅನ್ನೋ ಬ್ರಾಹ್ಮಣ ಯುವಕ ಕ್ರೈಸ್ತನಾದಾಗ ಮಂಗಳೂರಲ್ಲಿ ದೊಡ್ಡ ಗಲಾಟೆಯೇ ಆಯ್ತು. ಆದರೂ ಸುದ್ದಿಯನ್ನ ಸುದ್ದಿಯಾಗಿ ಕನ್ನಡದಲ್ಲಿ ಓದೋ ಅಭ್ಯಾಸ ಶುರುವಾಗಿದ್ದು ಆ ನಾಲ್ಕು ಪುಟಗಳಿಂದ. ಜುಲೈ 1 ಇವತ್ತಿಗೂ ನಮಗೆ ಪತ್ರಿಕಾ ದಿನ.

ಮುಂದೆ ಪತ್ರಿಕೆ ಬಳ್ಳಾರಿಯಲ್ಲಿ ಅಚ್ಚಾಗತೊಡಗಿ 'ಕನ್ನಡ ಸಮಾಚಾರ' ಆಯ್ತು, ಹೆಚ್ಚು ದಿನ ಬಾಳಲಿಲ್ಲ. ಮೊಗ್ಲಿಂಗ್ ಸುಮ್ಮನೆ ಕೂರಲಿಲ್ಲ. ಓಲೆಗರಿಯಲ್ಲಿದ್ದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನ ಅಚ್ಚಿಗೆ ತಂದರು. ತಾವು ಖಂಡಿಸಲು ಬಂದಿದ್ದ ನಂಬಿಕೆಗಳ ಪುಸ್ತಕಗಳನ್ನೇ ಅಷ್ಟು ಶ್ರದ್ಧೆಯಿಂದ ಉಳಿಸಿಕೊಟ್ಟರಲ್ಲ, ಅದೇ ನಮಗೆ ಸೋಜಿಗ! 1853ರಲ್ಲಿ ಕೊಡಗಿಗೆ ಹೋದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರ ಕನ್ನಡ ಕೆಲಸಕ್ಕೆ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಜರ್ಮನಿಗೆ ಮರಳಿದವರು ಮತ್ತೆ ಬರಲಿಲ್ಲ. 1881ರಲ್ಲಿ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು.